ಥಂಡಿಗಿಟ್ಟ ರಕ್ತ

ಎಡತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು ಭಾಗ್ಯಾ. ನಾಲ್ಕು ವರ್ಷದಿಂದ ದಿನಾ ಇಪ್ಪತ್ತು ಮಂದಿಯ ತೋಳು ಹಿಡಿದವಳಿಗೆ ತನ್ನ ನರ ಎಲ್ಲಿದೆಯೆಂದು ಹುಡುಕಬೇಕಾಯಿತು. ಸಂಜೆ ಆರೂವರೆ. ಮೂಡಲಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಔಷಧದ ಅಂಗಡಿಗೆ ಅಂಟಿಕೊಂಡ ಈ ಖೋಲಿ ಅವಳೊಬ್ಬಳ ಸುಪರ್ದಿಯದು. ಒಂದು ಟೇಬಲ್ಲು, ಒಂದು ಬೆಂಚು, ಒಂದು ಗಿಡ್ಡ ಫ್ರಿಜ್ಜು, ಮೂಲೆಯಲ್ಲಿ ಮೂರು ತಿಂಗಳಿಂದ ಕೆಟ್ಟು ಕೂತ ರಕ್ತ ತಿರುವುವ ಮಷಿನ್ನು. ಇಲ್ಲಿ ರಕ್ತ ತೆಗೆಯುವುದಷ್ಟೇ, ಪರೀಕ್ಷೆಯೆಲ್ಲ ಗೋಕಾಕದ ಲ್ಯಾಬಿನಲ್ಲಿ. ಸೂಜಿ ಒಳಗೆ ಹೋಗುವಾಗ ‘ಒಂದೀಟ ಇರಿವಿ ಕಡದಂಗ ಆಗತೈತಿ, ಆತು ಆತು’ ಎಂದು ಎಲ್ಲರಿಗೂ ಹೇಳುವ ಮಾತು ಬಾಯಿತನಕ ಬಂದು ನಿಂತಿತು. ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಕೆಂಪು ಮುಚ್ಚಳದ ಎರಡು ಟ್ಯೂಬು ತುಂಬಿಕೊಂಡಳು.

ಮಧ್ಯಾಹ್ನ ಸುಮನ ಬಂದಿದ್ದಳು, ಕಲ್ಲೋಳಿಯ ಪದ್ಮವ್ವನ ಸೊಸೆ. ರಿಪೋರ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. ಸಿಟ್ಟಿರಲಿಲ್ಲ ಅವಳಲ್ಲಿ, ಬರೀ ಕೇಳಿದಳು. “ಅಕ್ಕಾರ, ನೀವು ಕಲತವರು, ಅದಕ್ಕ ಕೇಳ್ತೇನಿ. ಪೊಟ್ಯಾಸಿಯಂ ಹೆಚ್ಚಾಗೈತಿ ಅಂತ ಡಾಕ್ಟರ್ರು ಪುಡಿ ಕೊಟ್ಟರು, ಎಳನೀರು ಬ್ಯಾಡ, ಬಾಳಿಹಣ್ಣು ಬ್ಯಾಡ ಅಂದ್ರು. ನಮ್ಮತ್ತಿ ಒಂದ ದಿನ ತಪ್ಪಿಸಿಲ್ಲ. ಪುಡಿ ಕುಡದ್ರೂ ಇದು ಇಳಿವಲ್ದು ಅಂದ್ರ ಇದೆಂಥಾ ಪುಡಿ ಇರಬೇಕ್ರಿ? ಅಕಿಗಿ ಕಾಲಾಗ ಜೀವಾನ ಇಲ್ಲ. ಮೊನ್ನಿ ಅಂಗಳದಾಗ ಕುಸದ ಬಿದ್ದು ಮುಂಗೈ ಮುರಕೊಂಡಾಳ.” ಭಾಗ್ಯಾ ಕಾಗದ ಬಿಡಿಸಿ ನೋಡಿದಳು. ಮೊದಲ ಸಲ ಆರೂ ಪಾಯಿಂಟ್ ಆರು, ಈ ಸಲ ಆರೂ ಪಾಯಿಂಟ್ ನಾಲ್ಕು. ಐದರ ಮೇಲೆ ಹೋದರೆ ಹೆಚ್ಚು, ಆರು ದಾಟಿದರೆ ಗಾಬರಿಪಡಬೇಕಾದದ್ದು. “ಡಾಕ್ಟರ್ರನ್ನ ಕೇಳ್ರಿ,” ಎಂದಳು. ಗಿರಾಕಿಗಳು ಏನೇ ಕೇಳಿದರೂ ಹೀಗೇ ಹೇಳು ಎಂದು ಲ್ಯಾಬಿನವರು ಕಲಿಸಿದ ಮಾತು ಅದು. ಸುಮನ ತಲೆಯಾಡಿಸಿ ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲೇ ಮಡಚಿಕೊಂಡು ಹೋದಳು. ಆದರೆ ಅವಳ ಪ್ರಶ್ನೆ ಬೆಂಚಿನ ಮೇಲೆ ಕೂತೇ ಇತ್ತು. ಪುಡಿ ಕೆಲಸ ಮಾಡಿರಬೇಕು. ಮಾಡಿದ್ದರೆ ಆ ಮುದುಕಿಯ ಮೈಯಲ್ಲಿ ಅದು ಇಳಿದಿರಬೇಕು. ಇಳಿದಿದ್ದರೆ ಕಾಗದದಲ್ಲಿ ಯಾಕೆ ಇಳಿದಿಲ್ಲ?

ಆಮೇಲೆ ಅವಳು ರಿಜಿಸ್ಟರ್ ತೆಗೆದಿದ್ದಳು. ಬೆಳಿಗ್ಗೆ ತೆಗೆದ ರಕ್ತ ಹತ್ತೂವರೆ ಬಸ್ಸಿಗೆ ಗೋಕಾಕಕ್ಕೆ ಹೋಗುತ್ತದೆ. ಅವುಗಳ ಅಂಕಿ ನಾಲ್ಕು, ನಾಲ್ಕೂವರೆ, ಎಲ್ಲ ಸರಿ. ಸಂಜೆ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದವರ ರಕ್ತ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದು ಮರುದಿನ ಹೋಗುತ್ತದೆ. ಅವರೆಲ್ಲರದೂ ಆರು, ಆರೂವರೆ, ಒಬ್ಬರದಂತೂ ಏಳು. ಬೆರಳಿಟ್ಟು ಎಣಿಸಿದಳು, ಹನ್ನೊಂದು ಮಂದಿ. ಎಲ್ಲರದೂ ಮಷಿನ್ ಕೆಟ್ಟ ಮೇಲಿನವು. ಮಷಿನ್ ಇದ್ದಾಗ ರಕ್ತವನ್ನು ತಿರುವಿ, ಕಣಗಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬೇರೆ ಟ್ಯೂಬಿಗೆ ಹಾಕಿಡುತ್ತಿದ್ದಳು. ಅದು ಕೆಟ್ಟಿದೆಯೆಂದಾಗ ಗೋಕಾಕದ ಲ್ಯಾಬಿನ ಮಾಲಕ ಅಣ್ಣಾಸಾಹೇಬರು, “ರಿಪೇರಿಯಾಂವ ಬರೂತನಕ ಹಂಗ ಫ್ರಿಜ್‌ನ್ಯಾಗ ಇಟ್ಟ ಕಳಸು,” ಎಂದಿದ್ದರು. ಅವರು ಹೇಳಿದ್ದು ಖರೆ. ಆದರೆ ಅವರು ಹೇಳುವ ಮೊದಲೇ ತಾನು ಇಡುತ್ತಿದ್ದೆನಲ್ಲ, ಅದೂ ಹೆಮ್ಮೆಯಿಂದ! ಕಳೆದ ಬೇಸಿಗೆಯಲ್ಲಿ ಯಾರದೋ ಟ್ಯೂಬು ಎರಡು ತಾಸು ಟೇಬಲ್ಲಿನ ಮೇಲೆ ಉಳಿದು ಸಕ್ಕರೆಯ ಅಂಕಿ ತಪ್ಪಿತ್ತು. ಅಣ್ಣಾಸಾಹೇಬರು ಅಂದು ಇಲ್ಲಿಗೇ ಬಂದಿದ್ದರು. ಬೆಂಚಿನ ತುಂಬ ಮಂದಿ. “ಹೊರಗಿಟ್ರ ಹಾಲು ಕೆಡತೈತಿ ಅನ್ನೂದು ಕುರಿ ಕಾಯೋರ ಮಗಳಿಗಿ ನಾ ಕಲಸಬೇಕೇನವಾ?” ಬೆಂಚಿನಲ್ಲಿ ಯಾರೋ ನಕ್ಕರು. ನಕ್ಕವರ ಮುಖ ಅವಳು ನೋಡಲಿಲ್ಲ, ಆದರೆ ಆ ನಗುವಿನ ಸದ್ದು ಈಗಲೂ ಗುರುತಿದೆ. ಅಂದಿನಿಂದ ಸೂಜಿ ಹೊರಬಂದ ಮರುಗಳಿಗೆಗೆ ಟ್ಯೂಬು ಫ್ರಿಜ್ಜಿನಲ್ಲಿ, ಮಷಿನ್ನಿಗೆ ಹಾಕುವ ತನಕ; ಮಷಿನ್ ಕೆಟ್ಟ ಮೇಲೆ ಬೆಳಗಾಗುವ ತನಕ. ಬಾಗಿಲು ಹಾಕುವಾಗ ಕೈಯಿಟ್ಟು ನೋಡುತ್ತಿದ್ದಳು, ಸಾಕಷ್ಟು ಥಂಡಿ ಇದೆಯೋ ಇಲ್ಲವೋ. ಇನ್ನು ಯಾರೂ ನಗುವಂತಿಲ್ಲ.

ಗೊತ್ತಿರಲಿಲ್ಲವೆಂದಿದ್ದರೆ ಸುಲಭವಿತ್ತು. ಆದರೆ ಗೊತ್ತಿತ್ತು. ಡಿಪ್ಲೊಮಾದ ಎರಡನೇ ವರ್ಷ, ಜೀವರಸಾಯನ ಪತ್ರಿಕೆ, ಐದು ಅಂಕದ ಪ್ರಶ್ನೆ: ಸೋಡಿಯಂ–ಪೊಟ್ಯಾಸಿಯಂ ಪಂಪ್ ವಿವರಿಸಿ. ಐಶ್ವರ್ಯ ಮೇಡಮ್ ಪಾಠ ಮಾಡಿದ್ದರು. ಪಂಪ್ ಅಂದರೆ ಕಣದ ಗೋಡೆಯಲ್ಲಿರುವ ಒಂದು ಕಿಣ್ವ. ಒಳಗಿಂದ ಸೋಡಿಯಂ ಬಂದು ಹತ್ತಬೇಕು, ಹೊರಗಿಂದ ಪೊಟ್ಯಾಸಿಯಂ ಬಂದು ಹತ್ತಬೇಕು. ಎರಡೂ ಬಂದಾಗಲೇ ಅದು ಚುರುಕಾಗಿ, ಕಣದ ಶಕ್ತಿಯನ್ನು ಬಳಸಿಕೊಂಡು, ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಹಗಲಿರುಳು ಬಿಡುವಿಲ್ಲ. ಪೊಟ್ಯಾಸಿಯಂ ಮಾತ್ರ ಒಳಗಿದ್ದಷ್ಟೂ ಹೊರಗೆ ಸೋರಲು ನೋಡುತ್ತಲೇ ಇರುತ್ತದೆ. “ಎಲ್ಲಾ ಕಿಣ್ವದಂಗ ಇದಕ್ಕೂ ಮೈಬಿಸಿ ಬೇಕು. ಥಂಡ್ಯಾಗ ಇಟ್ಟ್ರ ಕೈ ಕಟ್ಟಿ ಕುಂಡ್ರತೈತಿ,” ಎಂದು ಮೇಡಮ್ ಎರಡು ಸಲ ಹೇಳಿದ್ದರು. ಭಾಗ್ಯಾ ಅದನ್ನು ಕೆಂಪು ನೀಲಿ ಪೆನ್ನಿನಲ್ಲಿ ಚಿತ್ರ ಬರೆದು, ಬಾಣ ಹಾಕಿ, ಐದಕ್ಕೆ ಐದು ತಗೊಂಡಿದ್ದಳು. ಉತ್ತರಪತ್ರಿಕೆ ಮನೆಗೆ ತಂದಾಗ ಅವ್ವ ಯಲ್ಲಕ್ಕ ಆ ಬಾಣಗಳನ್ನು ನೋಡಿ ರಂಗೋಲಿಯೇನು ಎಂದು ಕೇಳಿದ್ದಳು. ನಾಲ್ಕು ವರ್ಷ ಅದೇ ಕಣ, ಅದೇ ಕಿಣ್ವ ಕೈಯಲ್ಲಿ ಹಿಡಿದು ಓಡಾಡಿದರೂ ಆ ಚಿತ್ರಕ್ಕೂ ಈ ಟ್ಯೂಬಿಗೂ ಸಂಬಂಧವಿದೆಯೆಂದು ತನಗೆ ಒಂದು ದಿನವೂ ಹೊಳೆಯಲಿಲ್ಲವಲ್ಲ. ರಕ್ತದ ಕಣಗಳು ಒಡೆದಿದ್ದರೆ ಮೇಲಿನ ತಿಳಿ ಕೆಂಪಗಾಗಿ ಯಾರಿಗಾದರೂ ಅನುಮಾನ ಬರುತ್ತಿತ್ತು. ಥಂಡಿಯಲ್ಲಿ ಕಣ ಒಡೆಯುವುದಿಲ್ಲ. ತಿಳಿ ಬಂಗಾರದ ಹಳದಿಯಾಗಿಯೇ ಇರುತ್ತದೆ, ಪೊಟ್ಯಾಸಿಯಂ ಮಾತ್ರ ರಾತ್ರಿಯೆಲ್ಲ ಸದ್ದಿಲ್ಲದೆ ಹೊರಗೆ ಬಂದು ಸೇರಿಕೊಳ್ಳುತ್ತದೆ.

ಅನುಮಾನ ಎಂದರೆ ಅಣ್ಣಾಸಾಹೇಬರು ಒಪ್ಪುವವರಲ್ಲ. ಅಂಕಿ ಬೇಕು. ಅದಕ್ಕೇ ತನ್ನ ತೋಳು. ಎರಡೂ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಕಾದಳು. ರಕ್ತ ಹೆಪ್ಪುಗಟ್ಟಿ, ಹೆಪ್ಪು ಕುಗ್ಗಿ, ಮೇಲೆ ತಿಳಿ ನಿಲ್ಲಲು ಮುಕ್ಕಾಲು ತಾಸು ಹಿಡಿಯಿತು. ಒಂದರ ತಿಳಿಯನ್ನು ಮಾತ್ರ, ಮೊಣಕೈ ಟೇಬಲ್ಲಿಗೆ ಊರಿ, ಹನಿಹನಿಯಾಗಿ ಹೀರಿ ಹೊಸ ಟ್ಯೂಬಿಗೆ ಹಾಕಿದಳು. ಇನ್ನೊಂದನ್ನು ಕಣಗಳ ಸಮೇತ ಹಾಗೇ ಬಿಟ್ಟಳು. ಎರಡೂ ಒಂದೇ ಫ್ರಿಜ್ಜಿನಲ್ಲಿ ಇಡೀ ರಾತ್ರಿ ಇರಬೇಕು. ಚೀಟಿಯ ಮೇಲೆ ತನ್ನ ಹೆಸರು ಎರಡು ಸಲ ಬರೆಯುವಂತಿರಲಿಲ್ಲ. ತಿಳಿಯ ಟ್ಯೂಬಿಗೆ ‘ಯಲ್ಲಕ್ಕ’ ಎಂದು ಬರೆದಳು. ಕಣ ಇದ್ದದ್ದಕ್ಕೆ ‘ಖಂಡೆಪ್ಪ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಅಪ್ಪ ಈ ಹೊತ್ತಿಗೆ ಘೋಡಗೇರಿಯ ಯಾರದೋ ಹೊಲದಲ್ಲಿ ಕುರಿ ಕೂಡಿಸುತ್ತಿರಬಹುದು. ಕೆಡುವುದು ಖಾತ್ರಿಯಿದ್ದ ರಕ್ತಕ್ಕೆ ಅವನ ಹೆಸರು ಹಚ್ಚುವುದು ಮನಸ್ಸಿಗೆ ಒಗ್ಗಲಿಲ್ಲ. ಆದರೂ ಬರೆದಳು.

ಮರುದಿನ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತಳು. ದಿನಾ ಕಂಡಕ್ಟರನ ಕೈಗೆ ಕೊಟ್ಟು ಕಳಿಸುವ ಡಬ್ಬಿ. ಇಂದು ಔಷಧದ ಅಂಗಡಿಯವರಿಗೆ ಹೇಳಿ ಬಾಗಿಲು ಹಾಕಿ ತಾನೇ ಬಂದಿದ್ದಳು. ಅರಭಾವಿ ಕಾಲೇಜಿಗೆ ಹೋಗುವ ಹುಡುಗಿಯರು ಬೆನ್ನಿಗೆ ಬ್ಯಾಗು ಹಾಕಿಕೊಂಡು ನಿಂತು ಯಾವುದೋ ಪರೀಕ್ಷೆಯ ಪ್ರಶ್ನೆ ಹೇಳಿಕೊಳ್ಳುತ್ತಿದ್ದರು. ಒಬ್ಬಳು ತಪ್ಪಿದರೆ ಇನ್ನೊಬ್ಬಳು ತಿದ್ದುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಐದು ಅಂಕ ಬರುತ್ತವೆ ನಿಮಗೂ, ಎಂದುಕೊಂಡಳು. ಕಲ್ಲೋಳಿಯಲ್ಲಿ ಬಸ್ಸು ನಿಂತಾಗ ಮುಖ ಒಳಕ್ಕೆ ತಿರುಗಿಸಿದಳು. ಸುಮನ ಅಲ್ಲಿ ನಿಂತಿರುವ ಸಂಭವವೇ ಇರಲಿಲ್ಲ, ಆದರೂ ತಿರುಗಿಸಿದಳು. ಆಮೇಲೆ ತಾನು ಹಾಗೆ ಮಾಡಿದ್ದಕ್ಕೆ ನಾಚಿಕೆಯಾಗಿ, ಬಸ್ಸು ಹೊರಡುವವರೆಗೆ ಬೇಕೆಂದೇ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಅಂಕಿ ಎರಡೂ ಒಂದೇ ಬಂದರೆ ಒಳ್ಳೆಯದು ಎಂದು ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಎರಡೂ ಒಂದೇ ಬಂದರೆ ತನ್ನ ತಪ್ಪಿಲ್ಲ. ಪದ್ಮವ್ವನ ಕಾಲಿನ ಜೀವ ಹೋದದ್ದು ಬೇರೆ ಯಾವುದಕ್ಕೋ. ಬೇಡುತ್ತಿರುವುದು ಏನೆಂದು ಗೊತ್ತಾದಾಗ ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ಅಣ್ಣಾಸಾಹೇಬರು ತಾವೇ ಮಷಿನ್ನಿನ ಮುಂದಿದ್ದರು. ಐವತ್ತೈದು ದಾಟಿದ ಮನುಷ್ಯ, ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಕಣ್ಣಿನ ಹತ್ತಿರ ತಂದು ಓದುವ ರೂಢಿ. ಅವಳು ತಾನೇ ಬಂದದ್ದಕ್ಕೆ ಹುಬ್ಬೇರಿಸಿದರೂ ಏನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಕಾಗದ ಹೊರಬಂತು.

“ಯಲ್ಲಕ್ಕ, ನಾಕೂ ಪಾಯಿಂಟ್ ಒಂದು, ಚಲೋ. ಖಂಡೆಪ್ಪ...” ಅವರು ಕಾಗದವನ್ನು ಇನ್ನೂ ಹತ್ತಿರ ತಂದರು. “ಆರೂ ಪಾಯಿಂಟ್ ಐದು! ಯಾಂವ ಇಂವಾ? ಮೊದಲ ಅವಗ ಫೋನ್ ಹಚ್ಚು, ದವಾಖಾನಿಗಿ ಹೋಗಾಕ ಹೇಳು.”

“ನಮ್ಮಪ್ಪನ ಹೆಸರು ಅದು, ಸರ್.”

“ಅಯ್ಯ, ಮತ್ತ ಹಿಂಗ ನಿಂತೀಯಲ್ಲ!”

“ಯಲ್ಲಕ್ಕ ನಮ್ಮವ್ವರಿ. ಆದ್ರ ರಕ್ತ ಅವರದಲ್ಲ. ಎರಡೂ ನಂದ. ನಿನ್ನಿ ಸಂಜಿಮುಂದ ಒಂದ ಸಲ ಚುಚ್ಚಿ ತಗದದ್ದು. ಒಂದರಾಗ ಕಣ ತಗದಿಟ್ಟೆ, ಒಂದರಾಗ ಹಂಗ ಬಿಟ್ಟೆ. ಎರಡೂ ಫ್ರಿಜ್‌ನ್ಯಾಗ ಇದ್ದವು.”

ಮಷಿನ್ನಿನ ಒಳಗೆ ಏನೋ ತಿರುಗಿ ನಿಂತ ಸದ್ದು. ಅಣ್ಣಾಸಾಹೇಬರು ಕನ್ನಡಕ ಇಳಿಸಿದರು. “ಸುಳ್ಳ ಹೆಸರು ಬರದಿ?” ಎಂದರು. ಇಷ್ಟೆಲ್ಲದರಲ್ಲಿ ಅವರ ಕೈಗೆ ಸಿಕ್ಕದ್ದು ಅದೊಂದೇ. ಅವಳಿಗೆ ಸಿಟ್ಟು ಬರಲಿಲ್ಲ, ನಿನ್ನೆ ತಾನೂ ಹಾಗೇ ಏನಾದರೊಂದನ್ನು ಹಿಡಿಯಲು ತಡಕಾಡಿದ್ದಳು. ರಿಜಿಸ್ಟರಿನಿಂದ ಬರೆದುಕೊಂಡ ಹಾಳೆಯನ್ನು ಅವರ ಮುಂದಿಟ್ಟಳು. “ಹನ್ನೊಂದ ಮಂದಿರಿ. ಎಲ್ಲಾ ಸಂಜಿಮುಂದ ಕೊಟ್ಟವರು. ಮುಂಜಾನಿ ಕೊಟ್ಟವರದು ಒಂದೂ ಹೆಚ್ಚಿಲ್ಲ. ಥಂಡ್ಯಾಗ ಪಂಪ್ ನಿಂತು ಪೊಟ್ಯಾಸಿಯಂ ಹೊರಗ ಬಂದೈತಿ. ಸೋಡಿಯಂ ನೋಡ್ರಿ, ಅದು ಒಳಗ ಹೋಗಿ ಎಲ್ಲಾರದೂ ಎರಡ ಮೂರ ಅಂಕಿ ಕಡಿಮಿ ಐತಿ.”

ಅವರು ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸಿದರು. ಅವಳು ತಿಳಿದದ್ದಕ್ಕಿಂತ ಬೇಗ ಅವರಿಗೆ ಅರ್ಥವಾಯಿತು. “ಆತು,” ಎಂದರು ಕೊನೆಗೆ, ಮೆಲ್ಲಗೆ. “ನಾಳಿಂದ ಸಂಜಿಮುಂದ ಪೊಟ್ಯಾಸಿಯಂ ತಗೋಬ್ಯಾಡ. ಮಷಿನ್ ಈ ವಾರ ರಿಪೇರಿ ಮಾಡಸ್ತೇನಿ. ಮುಗೀತು. ಈ ಹಾಳಿ ಹರದ ಒಗಿ.”

“ಆಗಿ ಹೋದವರದು?”

“ಭಾಗ್ಯಾ, ಕಾಗದದ ಮ್ಯಾಲ ತಗದವರು ಯಾರು ಅಂತ ಸಹಿ ಇರತೈತಿ. ನಂದಲ್ಲ, ನಿಂದು.”

ಹೆದರಿಸಲು ಹೇಳಿದ್ದೋ ಬುದ್ಧಿ ಹೇಳಿದ್ದೋ ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಅದನ್ನು ಕೇಳಿದಾಗ ಅವಳೊಳಗೆ ಎರಡು ದಿನದಿಂದ ಅಲ್ಲಾಡುತ್ತಿದ್ದದ್ದು ಒಂದು ಕಡೆ ನಿಂತಿತು. ಸಹಿ ತನ್ನದೇ. ತಿದ್ದುವುದಕ್ಕೂ ತನಗೇ ಹಕ್ಕಿದೆ. ಹಾಳೆಯನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡು ಹೊರಬಂದಳು. ಮೆಟ್ಟಿಲ ಮೇಲೆ ನಿಂತು ಪದ್ಮವ್ವನಿಗೆ ಪುಡಿ ಕೊಟ್ಟಿದ್ದ ಮೂಡಲಗಿಯ ಡಾಕ್ಟರ್ ಸ್ವಪ್ನಿಲ್ ಅವರಿಗೆ ಫೋನ್ ಹಚ್ಚಿ, ತೊದಲದೆ, ಮೊದಲಿನಿಂದ ಕೊನೆತನಕ ಹೇಳಿದಳು. ಡಾಕ್ಟರು ಅಂಕಿಗಳನ್ನು ಎರಡು ಸಲ ಕೇಳಿದರು. ಆಮೇಲೆ, “ಪುಡಿ ಈಗಿಂದೀಗ ನಿಲ್ಲಸಾಕ ಹೇಳು. ಬ್ಯಾರೆ ಏನೂ ಬದಲ ಮಾಡೂದು ಬ್ಯಾಡ. ತಾಜಾ ರಕ್ತ ತಗದು ಒಂದ ತಾಸಿನ್ಯಾಗ ಟೆಸ್ಟ ಮಾಡಸು, ನನಗ ತಿಳಸು,” ಎಂದರು. ತಡೆದು, “ನನಗರ ಅನುಮಾನ ಬರಬೇಕಿತ್ತು,” ಎಂದರು. ಅದು ಅವಳಿಗೆ ಹೇಳಿದ್ದಲ್ಲ.

ಕಲ್ಲೋಳಿಯ ಮನೆಯಲ್ಲಿ ಪದ್ಮವ್ವ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದಳು. ಬಲ ಮುಂಗೈಗೆ ಪ್ಲಾಸ್ಟರು, ಕಾಲ ಮೇಲೆ ಈ ಧಗೆಯಲ್ಲೂ ಕಂಬಳಿ. ಸುಮನ ಚಹಾ ಇಡಲು ಎದ್ದವಳು ಭಾಗ್ಯಾಳ ಮಾತು ಕೇಳುತ್ತ ಕೇಳುತ್ತ ಅಲ್ಲೇ ನಿಂತಳು. ಭಾಗ್ಯಾ ಕೂರಲಿಲ್ಲ. ಕೂತು ಹೇಳುವ ಮಾತಲ್ಲ ಎನಿಸಿತು. “ನಿಮ್ಮ ರಿಪೋರ್ಟ ತಪ್ಪಿತ್ರಿ ಎಜ್ಜಿ. ಎರಡೂ ಸಲ. ಪೊಟ್ಯಾಸಿಯಂ ಹೆಚ್ಚಾಗಿದ್ದು ನಿಮ್ಮ ಮೈಯಾಗಲ್ಲ, ನನ್ನ ಫ್ರಿಜ್‌ನ್ಯಾಗ. ಇಲ್ಲದ ರೋಗಕ್ಕ ನಿಮಗ ಪುಡಿ ಕುಡಿಸಿದಂಗಾತು. ಈಗ ನಿಮಗ ಅದು ಬಾಳ ಕಡಿಮಿ ಆಗಿರಬೇಕು, ಅದಕ್ಕ ಕಾಲಾಗ ಶಕ್ತಿ ಇಲ್ಲ.”

“ನೀ ಮಾಡಿದ್ದಾ?” ಸುಮನಳ ಬಾಯಿಂದ ‘ಅಕ್ಕಾರ’ ಹೋಗಿತ್ತು. “ನಿನ್ನಿ ನಾ ಕೇಳಿದಾಗ ಡಾಕ್ಟರ್ರನ್ನ ಕೇಳು ಅಂದಿ. ನಮ್ಮತ್ತಿ ಕೈ ಮುರಕೊಂಡಾಳ, ಕಣ್ಣಿಗಿ ಕಾಣತೈತೆಲ್ಲ? ಮತ್ತ ಈಗ ಸೂಜಿ ಹಿಡಕೊಂಡ ಬಂದೀಯೇನ? ಮುಟ್ಟಬ್ಯಾಡ ನಮ್ಮ ಅತ್ತಿನ್ನ!”

ಭಾಗ್ಯಾಳಿಗೆ ಬೆಂಚಿನ ಆ ನಗು ನೆನಪಾಯಿತು. ಅಂದು ಮೈಯೆಲ್ಲ ಕಾವೇರಿತ್ತು. ಇದು ಅದಕ್ಕಿಂತ ಕೆಟ್ಟದ್ದು, ಆದರೂ ಇದರಲ್ಲಿ ತಲೆ ತಗ್ಗಿಸಬೇಕೆನಿಸಲಿಲ್ಲ. ಮುದುಕಿ ಎಡಗೈ ಎತ್ತಿ ಸೊಸೆಯನ್ನು ಸುಮ್ಮನಿರಿಸಿದಳು.

“ಫ್ರಿಜ್‌ನ್ಯಾಗ ಹೆಂಗ ಹೆಚ್ಚಾಗತೈತಿ?”

ಬಾಣ, ಚಿತ್ರ, ಮೂರು, ಎರಡು ಎಲ್ಲ ನಾಲಿಗೆಯ ತುದಿಗೆ ಬಂದು ಹಿಂದೆ ಸರಿದವು. “ರಕ್ತದಾಗ ಸಣ್ಣ ಸಣ್ಣ ಕಣ ಇರ್ತಾವ್ರಿ, ಕುರಿ ದಡ್ಡಿ ಇದ್ದಂಗ. ಪೊಟ್ಯಾಸಿಯಂ ಒಳಗ ಇರಬೇಕಾದದ್ದು, ಆದ್ರ ಹೊರಗ ಹಾರಾಕ ನೋಡ್ತಿರತೈತಿ. ಬಾಗಲಾಗ ಒಬ್ಬಾಂವ ನಿಂತು ಅದನ್ನ ಹಿಡಿಹಿಡದು ಒಳಗ ದಬ್ಬತಿರ್ತಾನು. ಮೈಯಾಗ ಬಿಸಿ ಇರೂತನಕ ಅವನ ಕೈ ನಡೀತಾವು. ನಾ ಅವನ್ನ ರಾತ್ರೆಲ್ಲಾ ಥಂಡ್ಯಾಗ ಇಟ್ಟೆ. ಕೈ ಸೆಟದು ಕುಂತಾ. ಮುಂಜಾನಿ ಎಣಿಸಿದವರು ಹೊರಗಿನವನ್ನ ಎಣಿಸಿ, ಹೆಚ್ಚಾಗ್ಯಾವು ಅಂದ್ರು.”

ಪದ್ಮವ್ವ ಅದನ್ನು ಮನಸ್ಸಿನಲ್ಲಿ ಒಂದು ಸಲ ತಿರುವಿ ಹಾಕಿದಂತೆ ಕಂಡಿತು. “ಇದನ್ನ ಹೇಳಾಕ ನಿಮ್ಮ ಸಾಹೇಬರು ಕಳಸಿದ್ರ?”

“ಇಲ್ಲರಿ. ಹೇಳಬ್ಯಾಡ ಅಂದಾರ.”

“ನೀ ಹೇಳದಿದ್ರ ನಮಗ ತಿಳೀತಿತ್ತ?”

“ತಿಳೀತಿರಲಿಲ್ಲರಿ.”

ಮುದುಕಿ ‘ಪಾಪ, ಹುಡುಗಿ’ ಎನ್ನಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಎಡತೋಳನ್ನು ಕಂಬಳಿಯ ಮೇಲೆ ಚಾಚಿದಳು. “ಆ ಕೈ ಮುರದೈತಿ. ಇದರಾಗ ತಗಿ. ಆದ್ರ ಈ ಸಲ ಎಲ್ಲೂ ಇಡಬ್ಯಾಡ.”

“ಕೈಯಾಗ ಹಿಡಕೊಂಡ ಹೋಗ್ತೇನ್ರಿ.”

ರಕ್ತ ತೆಗೆದು ಮುಗಿದಾಗ ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಸುಮನ ಸ್ಕೂಟಿ ಹೊರತೆಗೆದು, ಹತ್ತು ಎಂಬಂತೆ ಹಿಂದಿನ ಸೀಟಿನತ್ತ ಗೋಣು ಹೊರಳಿಸಿದಳು. ಗೋಕಾಕದವರೆಗೆ ಭಾಗ್ಯಾ ಒಂದು ಕೈಯಿಂದ ಸೀಟಿನ ಹಿಂದಿನ ಕಂಬಿ ಹಿಡಿದು, ಇನ್ನೊಂದು ಮುಷ್ಟಿಯಲ್ಲಿ ಟ್ಯೂಬು ಹಿಡಿದಿದ್ದಳು. ಗುಂಡಿ ಬಂದಾಗಲೆಲ್ಲ ಕುಲುಕದಂತೆ ಮುಷ್ಟಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಮುದುಕಿಯ ಮೈಬಿಸಿ ಇನ್ನೂ ಗಾಜಿನಲ್ಲಿತ್ತು, ಅಥವಾ ಅದು ತನ್ನ ಕೈಯದೇ ಇರಬಹುದು. ಒಳಗೆ ಆ ಕೋಟಿಗಟ್ಟಲೆ ಕಿಣ್ವಗಳು ಈಗಲೂ ದುಡಿಯುತ್ತಿವೆ ಎಂದು ನೆನೆದಳು. ಪರೀಕ್ಷೆಗಾಗಿ ಅಲ್ಲದೆ ಅವುಗಳ ಬಗ್ಗೆ ಅವಳು ಯೋಚಿಸಿದ್ದು ಇದೇ ಮೊದಲು.

ಅಣ್ಣಾಸಾಹೇಬರು ಬಾಗಿಲಲ್ಲಿ ಅವಳನ್ನೂ ಅವಳ ಹಿಂದೆ ನಿಂತ ಸುಮನಳನ್ನೂ ನೋಡಿದರು. ಇಲ್ಲವೆನ್ನುವ ಧೈರ್ಯ ಅವರಿಗೆ ಸಾಲಲಿಲ್ಲವೋ, ಅಥವಾ ಅವರೊಳಗೂ ಏನಾದರೂ ನಡೆದಿತ್ತೋ, ಕೈಚಾಚಿ ಟ್ಯೂಬು ತೆಗೆದುಕೊಂಡು ತಾವೇ ತಿರುವಿ ಮಷಿನ್ನಿಗಿಟ್ಟರು. ಕಾಗದ ಹೊರಬಂದಾಗ ಕನ್ನಡಕವನ್ನು ಹಣೆಗೇರಿಸುವುದನ್ನೂ ಮರೆತರು.

“ಎರಡು ಪಾಯಿಂಟ್ ಆರು,” ಎಂದರು.

ಡಾಕ್ಟರ್ ಸ್ವಪ್ನಿಲ್ ಫೋನಿನಲ್ಲಿ ಒಂದೇ ಮಾತು ಹೇಳಿದರು, ಈಗಿಂದೀಗ ಅಡ್ಮಿಟ್ ಮಾಡಿಸಬೇಕು, ಇಷ್ಟು ಇಳಿದರೆ ಎದೆಬಡಿತ ಯಾವಾಗ ತಪ್ಪುತ್ತದೋ ಹೇಳಲಾಗುವುದಿಲ್ಲ. ಸುಮನ ಕಲ್ಲೋಳಿಗೆ ಫೋನ್ ಮಾಡಿ ಬಾಜೂ ಮನೆಯವರ ಕಾರು ಕೇಳಿದಳು. ಎರಡು ಗಂಟೆಗೆ ಪದ್ಮವ್ವ ಗೋಕಾಕದ ದವಾಖಾನೆಯೊಂದರ ಮಂಚದ ಮೇಲಿದ್ದಳು. ಅದೇ ಎಡತೋಳಿಗೆ ಸಲಾಯಿನ್ ಹನಿಯುತ್ತಿತ್ತು, ಎದೆಗೆ ಹಚ್ಚಿದ ವಾಯರುಗಳ ಇನ್ನೊಂದು ತುದಿಯಲ್ಲಿ ಹಸಿರು ಗೆರೆ ಓಡುತ್ತಿತ್ತು. ಸಮಯಕ್ಕೆ ಬಂದಿರಿ, ಇನ್ನು ಹೆದರಬೇಕಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ ಮೇಲೆ ಸುಮನ ಹೊರಗೆ ಬಂದು, ಗೋಡೆಗೆ ಆತು ನಿಂತ ಭಾಗ್ಯಾಳ ಮುಂದೆ ನಿಂತಳು.

“ನನ್ನ ಸಿಟ್ಟ ಹೋಗಿಲ್ಲ.”

“ಗೊತ್ತೈತ್ರಿ.”

ಸುಮನ ತಿರುಗಿ ಒಳಗೆ ಹೋದಳು.

ಭಾಗ್ಯಾ ಮತ್ತೆ ಲ್ಯಾಬಿಗೆ ಹೋದಾಗ ಅಣ್ಣಾಸಾಹೇಬರು ಒಬ್ಬರೇ ಕೂತಿದ್ದರು. “ಉಳದ ಹತ್ತ ಮಂದಿಗಿ ಯಾರ ಹೇಳೂದು, ಸರ್? ನೀವಾ, ನಾನಾ?” ಎಂದು ಕೇಳಿದಳು. ಅವರು ಕೈಯಲ್ಲಿದ್ದ ಪೆನ್ನಿನ ಟೊಪ್ಪಿಗೆಯನ್ನು ತೆಗೆದು ಹಾಕಿ ತೆಗೆದು ಹಾಕಿ, “ನಾ ಹೇಳಿದ್ರ ಲ್ಯಾಬ್ ಉಳಿಯೂದಿಲ್ಲವ್ವಾ,” ಎಂದರು. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ವಯಸ್ಸಾದ ಮನುಷ್ಯನೊಬ್ಬ ಖರೆ ಹೇಳುತ್ತಿದ್ದ, ಅಷ್ಟೇ. “ನೀ ಹೇಳಿದ್ರ ನಾಳೆ ನಿನ್ನ ಕೆಲಸಾನೂ ಉಳಿಯೂದಿಲ್ಲ.” ಅವಳು ಒಂದು ಗಳಿಗೆ ಆ ಖೋಲಿ, ಆ ಬೆಂಚು, ಪ್ರತಿ ಮುಂಜಾನೆ ಒರೆಸುವ ಆ ಟೇಬಲ್ಲು ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡು ನೋಡಿದಳು. “ಹಂಗಾರ ನಾ ಹೇಳ್ತೇನ್ರಿ,” ಎಂದಳು. “ರಕ್ತ ತಗದು ನಿಮ್ಮ ಕಡೇನ ತರ್ತೇನಿ. ಬ್ಯಾಡಂದ್ರ ಬ್ಯಾರೆ ಲ್ಯಾಬಿಗಿ ಒಯ್ತೇನಿ.” ಉತ್ತರಕ್ಕೆ ಕಾಯದೆ ಹೊರಬಂದಳು.

ಬಸ್‌ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂತು ಹಾಳೆ ಬಿಡಿಸಿದಳು. ಏಳು ತೋರಿಸಿದ್ದವನ ಹೆಸರು ಸಿದ್ರಾಯ, ಊರು ಹುಕ್ಕೇರಿ. ಮೂಡಲಗಿಯ ಮಗಳ ಮನೆಗೆ ಬಂದಾಗ ರಕ್ತ ಕೊಟ್ಟು ಹೋಗಿದ್ದ. ನಂಬರು ಒತ್ತಿದಳು. ಬಹಳ ಹೊತ್ತು ರಿಂಗಾಗಿ, ಕೆಮ್ಮು ಸಹಿತ ಒಂದು ಮುದಿ ದನಿ ಬಂತು. ಅವಳು ಹೆಸರು ಹೇಳಿದಳು, ಲ್ಯಾಬಿನ ಹೆಸರು ಹೇಳಿದಳು, “ನಿಮ್ಮ ರಿಪೋರ್ಟ ತಪ್ಪೈತ್ರಿ ಎಜ್ಜಾ, ತಪ್ಪು ನಂದು,” ಎಂದಳು. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಹಗುರವಾಗಿರಲಿಲ್ಲ. ಮುದುಕನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದಳು, ಬಸ್ಸಿನ ಗದ್ದಲಕ್ಕಿಂತ ಗಟ್ಟಿಯಾಗಿ. ಬಾಜೂ ಕೂತ ಹೆಂಗಸರು ತಿರುಗಿ ನೋಡಿದರು.

“ಅಂದ್ರ, ತಂಗಿ,” ಎಂದ ಸಿದ್ರಾಯ, ಬಹಳ ಯೋಚನೆ ಮಾಡಿ, “ನಾ ಈಗ ಬಾಳಿಹಣ್ಣ ತಿನ್ನಬಹುದೇನು? ಎರಡ ತಿಂಗಳಾತು ತಿಂದಿಲ್ಲ.”

ಹೌದೆಂದರೆ ಅವನಿಗೆ ಸಂತೋಷವಾಗುತ್ತಿತ್ತು. ಹೌದೆನ್ನಲು ಅವಳ ಬಳಿ ಅಂಕಿ ಇರಲಿಲ್ಲ.

“ಈಗ ಬ್ಯಾಡ್ರಿ. ಪುಡಿ ಕೊಟ್ಟಿದ್ರ ಅದನ್ನ ಇವತ್ತ ನಿಲ್ಲಸ್ರಿ. ಮೊದಲ ನಿಮ್ಮ ರಕ್ತ ನೋಡಬೇಕು. ನಾಳೆ ಮುಂಜಾನಿ ಮೊದಲನೇ ಬಸ್ಸಿಗಿ ಬರ್ತೇನಿ,” ಎಂದಳು. ಪೆನ್ನು ತೆಗೆದು ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡಳು. “ಹುಕ್ಕೇರ್ಯಾಗ ಇಳದಮ್ಯಾಲ ನಿಮ್ಮ ಮನಿ ಯಾವ ಕಡೆ ಬರತೈತಿ, ಹೇಳ್ರಿ.”